ರಾಜಿ ಮಾಡಿಸುವ ಮೇಷ್ಟ್ರು, ತಕರಾರಿನ ಮಕ್ಕಳು

ಜಗಳ ಬಿಡಿಸುವುದನ್ನು ಕಲಿಸುವ ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಕಥೆಯಿದೆ. ಅಕ್ಕ ತಂಗಿಯರಿಬ್ಬರು ಒಂದು ಕಿತ್ತಳೆ ಹಣ್ಣಿಗಾಗಿ ಜಗಳವಾಡುತ್ತಾರೆ. ಕೊನೆಗೆ ಹಣ್ಣನ್ನು ಸಮನಾಗಿ ಎರಡು ಹೋಳು ಮಾಡಿ ಹಂಚಿಕೊಳ್ಳುತ್ತಾರೆ. ಒಬ್ಬಳು ತನ್ನ ಹೋಳಿನ ತೊಳೆಗಳನ್ನು ತಿಂದು ಸಿಪ್ಪೆ ಎಸೆಯುತ್ತಾಳೆ. ಇನ್ನೊಬ್ಬಳು ಕೇಕಿಗೆ ಹಾಕಲು ಸಿಪ್ಪೆ ತುರಿದುಕೊಂಡು ತೊಳೆಗಳನ್ನು ಎಸೆಯುತ್ತಾಳೆ. ‘ನಿನಗೆ ಇದು ಯಾಕೆ ಬೇಕು?’ ಎಂದು ಒಬ್ಬರನ್ನೊಬ್ಬರು ಕೇಳಿದ್ದರೆ ಇಬ್ಬರಿಗೂ ಬೇಕಾದದ್ದು ಪೂರ್ತಿಯಾಗಿ ಸಿಗುತ್ತಿತ್ತಲ್ಲ ಎಂಬುದು ಇದರ ನೀತಿ. ಸಂಪನ್ಮೂಲ ವ್ಯಕ್ತಿ ಕಥೆ ಮುಗಿಸಿದಾಗ ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ. ಕಥೆ ಅಷ್ಟು ಅಚ್ಚುಕಟ್ಟಾಗಿದೆ.

ಕಥೆ ಬರೆಯುವವನಾದ ನನಗೆ ಈ ಅಚ್ಚುಕಟ್ಟುತನದ ಬಗ್ಗೆಯೇ ಅನುಮಾನ. ಈ ಅಕ್ಕ ತಂಗಿಯರಿಗೆ ಹೆಸರಿಲ್ಲ, ಊರಿಲ್ಲ. ಹಣ್ಣನ್ನು ಮನೆಗೆ ತಂದವರು ಯಾರು? ಮನೆಯಲ್ಲಿ ಎರಡನೆಯ ಹಣ್ಣು ಯಾಕಿಲ್ಲ? ಇಬ್ಬರಿಗೂ ತೊಳೆಯೇ ಬೇಕಿದ್ದರೆ ಏನು ಗತಿ? ಒಬ್ಬಳಿಗೆ ಹಸಿವು, ಇನ್ನೊಬ್ಬಳಿಗೆ ಕೇಕಿನ ಪರಿಮಳದ ಆಸೆ ಎಂದಾದರೆ ಎರಡೂ ಬೇಡಿಕೆಗಳು ಒಂದೇ ತೂಕದವೇ? ಒಬ್ಬಳು ಮನೆಯ ಮಗಳು, ಇನ್ನೊಬ್ಬಳು ಮನೆಗೆಲಸಕ್ಕೆ ಬಂದ ಹುಡುಗಿಯಾಗಿದ್ದರೆ ‘ನಿನಗೆ ಯಾಕೆ ಬೇಕು?’ ಎಂಬ ಅದೇ ಪ್ರಶ್ನೆಯ ಧ್ವನಿ ಹೇಗಿರುತ್ತಿತ್ತು? ಕಥೆಯ ಸುಖಾಂತ್ಯ ನಿಂತಿರುವುದು ಈ ಪ್ರಶ್ನೆಗಳನ್ನು ಯಾರೂ ಕೇಳದೇ ಇರುವುದರ ಮೇಲೆ. ಇಬ್ಬರೂ ಸರಿಸಮಾನರು, ಇಬ್ಬರ ಬಯಕೆಗಳೂ ಬೇರೆ ಬೇರೆ, ಯಾರಿಗೂ ಯಾರ ಭಯವೂ ಇಲ್ಲ ಎಂಬ ಮೂರು ಅನುಕೂಲಗಳನ್ನು ಕಥೆಗಾರ ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾನೆ. ನಮ್ಮ ಶಾಲೆಗಳ ಜಗಳಗಳಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ಶಾಲಾ ಶಿಕ್ಷಕರ ವೃತ್ತಿ ಬೆಳವಣಿಗೆಯ ಭಾಗವಾಗಿ ಬಂದಿರುವ ಈ ತರಬೇತಿಯ ಸಾಹಿತ್ಯವನ್ನು ಓದುವಾಗ ನನಗೆ ಕಾಡುವ ಮುಖ್ಯ ತಕರಾರು ಇದೇ. ಅದು ಅನ್ಯಾಯವನ್ನೂ ಜಗಳವನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ಎರಡಕ್ಕೂ ‘ಸಂಘರ್ಷ’ ಎಂದು ಹೆಸರಿಟ್ಟ ಮೇಲೆ ಎರಡಕ್ಕೂ ಒಂದೇ ಮದ್ದು ಎನ್ನುವುದು ಸುಲಭವಾಗುತ್ತದೆ. ಪೆನ್ಸಿಲ್ ಕದ್ದ ಜಗಳಕ್ಕೆ ಸಲ್ಲುವ ಮದ್ದನ್ನು ಪಕ್ಕದಲ್ಲಿ ಕೂರಲು ಒಲ್ಲೆನೆನ್ನುವ ಜಗಳಕ್ಕೂ ಕುಡಿಸಲಾಗುತ್ತದೆ.

ಹಾಗೆಂದು ಇಂಥ ತರಬೇತಿಯೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬೆತ್ತವನ್ನು ಕೈಯಿಂದ ಕಿತ್ತುಕೊಂಡದ್ದು ಸರಿಯಾದ ಕೆಲಸ. ಆದರೆ ಖಾಲಿಯಾದ ಆ ಕೈಗೆ ಬೇರೇನನ್ನು ಕೊಟ್ಟೆವು? ಐವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಅಂಗಿ ಹಿಡಿದುಕೊಂಡು ನಿಂತಾಗ ಏನು ಮಾಡಬೇಕೆಂದು ನಮ್ಮ ಬಿ.ಎಡ್., ಡಿ.ಎಡ್. ಪಾಠಗಳು ಹೇಳಿಕೊಟ್ಟದ್ದು ಕಡಿಮೆ. ಇಬ್ಬರ ಮಾತನ್ನೂ ಪೂರ್ತಿ ಕೇಳು, ನಡುವೆ ಬಾಯಿ ಹಾಕಬೇಡ, ‘ನೀನು ಹೀಗೆಯೇ’ ಎನ್ನುವ ಬದಲು ‘ಹೀಗಾದಾಗ ನನಗೆ ನೋವಾಯಿತು’ ಎನ್ನಲು ಮಕ್ಕಳಿಗೆ ಕಲಿಸು ಎಂಬ ಪಾಠಗಳು ಸಣ್ಣವಲ್ಲ. ಬಾಲ್ಯದಲ್ಲಿ ಮಾತಿಗಿಂತ ಮೊದಲು ಏಟು ತಿಂದ ನನ್ನ ತಲೆಮಾರಿನವರಿಗೆ ಇದರ ಬೆಲೆ ಗೊತ್ತು. ಬೆತ್ತ ಬಿಟ್ಟ ಕೈಗೆ ಆಲಿಸುವ ಕಿವಿ ಸಿಕ್ಕರೆ ಅದು ಲಾಭವೇ.

ಪ್ರಶ್ನೆ ಇರುವುದು, ಆ ಕಿವಿ ಏನನ್ನು ಕೇಳಲು ತಯಾರಾಗಿದೆ ಎಂಬಲ್ಲಿ. ಇದಕ್ಕೆ ಈ ವಿದ್ಯೆ ಎಲ್ಲಿಂದ ಬಂತೆಂದು ಸ್ವಲ್ಪ ನೋಡಬೇಕು. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1925ರಲ್ಲಿ ‘ರಚನಾತ್ಮಕ ಸಂಘರ್ಷ’ದ ಕುರಿತು ನ್ಯೂಯಾರ್ಕಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಗ್ರಂಥಾಲಯದ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಪಕ್ಕದ ಕೋಣೆಯ ಕಿಟಕಿ ತೆರೆದರೆ ಒಬ್ಬರಿಗೆ ಗಾಳಿಯೂ ಬಂತು, ಇನ್ನೊಬ್ಬರ ಮೈಮೇಲೆ ನೇರ ಬೀಸುವುದೂ ತಪ್ಪಿತು. ಅವರು ಕೊಟ್ಟ ಈ ಉದಾಹರಣೆ ಪ್ರಸಿದ್ಧ. ಅವರ ಮುಂದೆ ಕುಳಿತವರು ಹೆಚ್ಚಾಗಿ ಉದ್ಯಮಗಳ ಆಡಳಿತಗಾರರು. 1974ರಲ್ಲಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಎಂಬಿಬ್ಬರು ಜಗಳದಲ್ಲಿ ಮನುಷ್ಯ ವರ್ತಿಸುವ ಐದು ಬಗೆಗಳನ್ನು ಗುರುತಿಸುವ ಪ್ರಶ್ನಾವಳಿಯನ್ನು ರೂಪಿಸಿದರು. ಸ್ಪರ್ಧೆ, ಸಹಕಾರ, ಹೊಂದಾಣಿಕೆ, ಜಾರಿಕೊಳ್ಳುವುದು, ಬಿಟ್ಟುಕೊಡುವುದು, ಇವು ಆ ಐದು. ಅದರ ಬೇರೂ ಆಡಳಿತ ನಿರ್ವಹಣೆಯ ಶಾಸ್ತ್ರದಲ್ಲೇ ಇತ್ತು. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಸಂಧಾನದ ಬಗ್ಗೆ ಬರೆದ ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. ಕಿತ್ತಳೆ ಹಣ್ಣಿನ ಕಥೆ ಲೋಕಪ್ರಸಿದ್ಧವಾದದ್ದು ಆ ಪುಸ್ತಕದಿಂದ.

ಕಂಪೆನಿಯ ಎರಡು ವಿಭಾಗಗಳ ನಡುವೆ, ಮಾರುವವನ ಮತ್ತು ಕೊಳ್ಳುವವನ ನಡುವೆ ಈ ವಿದ್ಯೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಬ್ಬರಿಗೂ ವ್ಯವಹಾರ ಮುರಿದು ಎದ್ದುಹೋಗುವ ಸ್ವಾತಂತ್ರ್ಯ ಇರುತ್ತದೆ. ಮೂರನೆಯ ತರಗತಿಯ ಹುಡುಗನಿಗೆ ಎದ್ದುಹೋಗುವ ಸ್ವಾತಂತ್ರ್ಯವಿಲ್ಲ. ಅವನು ನಾಳೆಯೂ ಅದೇ ಬೆಂಚಿಗೆ ಬರಬೇಕು.

ನಮ್ಮ ದೇಶದಲ್ಲಿ ಈ ಮಾತು ಶಾಲೆಯ ಅಂಗಳಕ್ಕೆ ಬಂದದ್ದು ಬೇರೆ ದಾರಿಯಿಂದಲೂ ಹೌದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ‘ಶಾಂತಿಗಾಗಿ ಶಿಕ್ಷಣ’ ಎಂಬ ವಿಷಯಕ್ಕೆ ಪ್ರತ್ಯೇಕ ಪರಿಣತರ ಗುಂಪನ್ನೇ ಹೊಂದಿತ್ತು. ಶಾಂತಿ ಎಂದರೆ ಬರೀ ಹಿಂಸೆ ಇಲ್ಲದಿರುವುದಲ್ಲ, ನ್ಯಾಯವಿಲ್ಲದೆ ಶಾಂತಿ ಇಲ್ಲ ಎಂಬ ತಿಳಿವಳಿಕೆ ಆ ಗುಂಪಿನ ಪ್ರಬಂಧದಲ್ಲಿತ್ತು. 2010ರಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಶಾಂತಿ ಶಿಕ್ಷಣದ ಆಕರ ಪುಸ್ತಕವೊಂದನ್ನೂ ತಂದಿತು. 2019ರಲ್ಲಿ ‘ನಿಷ್ಠಾ’ ಕಾರ್ಯಕ್ರಮ ಸುಮಾರು 42 ಲಕ್ಷ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡು ಶುರುವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯಲ್ಲಿ ತೊಡಗಬೇಕೆಂದಿತು. ಹೀಗೆ ಚಿಂತನೆಯಾಗಿ ಹುಟ್ಟಿದ್ದು ಗಂಟೆಗಳ ಲೆಕ್ಕವಾಯಿತು. ಮೇಲಿನ ಹಂತದಲ್ಲಿ ಕೆಲವರಿಗೆ ಕಲಿಸಿ, ಅವರು ಇನ್ನಷ್ಟು ಜನರಿಗೆ ಕಲಿಸಿ, ಕೊನೆಗೆ ಕ್ಲಸ್ಟರಿನ ಶಿಕ್ಷಕರವರೆಗೆ ಮುಟ್ಟಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಮೇಲಿನಿಂದ ಸುರಿದ ನೀರು ಮೆಟ್ಟಿಲು ಇಳಿಯುತ್ತಾ ಕಡಿಮೆಯಾಗುವುದು ಸಹಜ. ಆದರೆ ಮೊದಲು ಇಂಗಿ ಹೋಗುವುದು ನ್ಯಾಯದ ಪ್ರಶ್ನೆ. ಕೊನೆಯ ಮೆಟ್ಟಿಲಿಗೆ ಬರುವಾಗ ಚಾರ್ಟು, ಸ್ಕೆಚ್ ಪೆನ್ನು, ಗುಂಪು ಚಟುವಟಿಕೆ ಮತ್ತು ಕಿತ್ತಳೆ ಹಣ್ಣು ಉಳಿದಿರುತ್ತದೆ.

ಇಂಥ ತರಬೇತಿಯಿಂದ ಮಕ್ಕಳಿಗೆ ಏನಾದರೂ ಆಗುತ್ತದೆಯೇ? ಇದನ್ನು ಅಳೆದು ನೋಡಿದ ಕಡೆಗಳಿವೆ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1985ರಿಂದ ಸಂಘರ್ಷವನ್ನು ಸೃಜನಶೀಲವಾಗಿ ಬಗೆಹರಿಸುವ ಕಾರ್ಯಕ್ರಮವೊಂದು ನಡೆಯಿತು. 1994ರಿಂದ 1996ರವರೆಗೆ ಅಲ್ಲಿನ 15 ಪ್ರಾಥಮಿಕ ಶಾಲೆಗಳ ಸಾವಿರಾರು ಮಕ್ಕಳನ್ನು ಸಂಶೋಧಕರು ಗಮನಿಸಿದರು. ಯಾವ ಶಿಕ್ಷಕರು ಈ ಪಾಠಗಳನ್ನು ವರ್ಷವಿಡೀ ತರಗತಿಯಲ್ಲಿ ಮಾಡಿದರೋ ಅವರ ಮಕ್ಕಳಲ್ಲಿ ಆಕ್ರಮಣಕಾರಿ ಯೋಚನೆ ಬೆಳೆಯುವ ವೇಗ ಕಡಿಮೆಯಾಗಿತ್ತು. ಯಾವ ಶಿಕ್ಷಕರು ಹೆಚ್ಚು ತರಬೇತಿ ಪಡೆದೂ ಕಡಿಮೆ ಪಾಠ ಮಾಡಿದರೋ ಅವರ ಮಕ್ಕಳಿಗೆ ಆ ಲಾಭ ಸಿಗಲಿಲ್ಲ, ಹಿನ್ನಡೆಯೂ ಕಂಡಿತು. ಜೊತೆಗೆ, ಹಿಂಸೆ ಹೆಚ್ಚಿರುವ ಪರಿಸರದ ಮಕ್ಕಳಲ್ಲಿ ಕಾರ್ಯಕ್ರಮದ ಪರಿಣಾಮ ತೆಳುವಾಗಿತ್ತು. ಅಂದರೆ ಎಲ್ಲಿ ಇದು ಹೆಚ್ಚು ಬೇಕಿತ್ತೋ ಅಲ್ಲಿ ಕಡಿಮೆ ನಾಟಿತ್ತು. ಶಿಕ್ಷಕ ಪಡೆದ ತರಬೇತಿಯ ಗಂಟೆಗಳನ್ನು ಎಣಿಸುವ ನಮ್ಮ ಇಲಾಖೆಗಳು ಈ ಫಲಿತಾಂಶವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಅಮೆರಿಕದ್ದೇ ಪಿಟ್ಸ್‌ಬರ್ಗ್ ನಗರದ 44 ಶಾಲೆಗಳಲ್ಲಿ 2015ರಿಂದ 2017ರವರೆಗೆ ನಡೆದ ಇನ್ನೊಂದು ಪ್ರಯೋಗದ ವರದಿ 2018ರ ಕೊನೆಗೆ ಬಂತು. ಶಿಕ್ಷಿಸುವ ಬದಲು ಸಂಬಂಧ ಸರಿಪಡಿಸುವ ಪದ್ಧತಿಯ ಪ್ರಯೋಗ ಅದು. ಮಕ್ಕಳನ್ನು ಶಾಲೆಯಿಂದ ಕೆಲದಿನ ಹೊರಗಿಡುವ ಶಿಕ್ಷೆ ಕಡಿಮೆಯಾಯಿತು, ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಅದರಲ್ಲಿದ್ದ ಅಂತರವೂ ತಗ್ಗಿತು. ಇದು ಒಳ್ಳೆಯದು. ಶಾಲೆಯ ವಾತಾವರಣ ಸುಧಾರಿಸಿದೆ ಎಂದು ಶಿಕ್ಷಕರು ಹೇಳಿದರು. ಆದರೆ ಮಕ್ಕಳನ್ನು ಕೇಳಿದಾಗ ಅವರು ಹಾಗೆ ಹೇಳಲಿಲ್ಲ. ಶಾಲೆಯಲ್ಲಿ ಶಾಂತಿ ನೆಲೆಸಿದೆ ಎಂದು ಯಾರು ಹೇಳಬೇಕು? ಮೇಷ್ಟ್ರೋ, ಹಿಂದಿನ ಬೆಂಚಿನ ಹುಡುಗಿಯೋ?

ಉತ್ತರ ಐರ್ಲೆಂಡಿನ ಅನುಭವ ನಮಗೆ ಇನ್ನೂ ಹತ್ತಿರದ್ದು. ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಬೇರೆ ಬೇರೆ ಶಾಲೆಗಳಿರುವ ಆ ನಾಡಿನಲ್ಲಿ 1989ರ ಶಾಸನ ‘ಪರಸ್ಪರ ಅರಿವಿನ ಶಿಕ್ಷಣ’ವನ್ನು ಪಠ್ಯಕ್ರಮಕ್ಕೆ ಸೇರಿಸಿತು, 1992ರಿಂದ ಅದು ಕಡ್ಡಾಯವಾಯಿತು. ಮಕ್ಕಳು ಒಟ್ಟಿಗೆ ಪ್ರವಾಸ ಹೋದರು, ಆಟ ಆಡಿದರು. ಆದರೆ ಹೊರಗೆ ಬಾಂಬು ಸಿಡಿಯುತ್ತಿದ್ದ ವಿಷಯದ ಬಗ್ಗೆ ತರಗತಿಯಲ್ಲಿ ಬಾಯಿ ಬಿಡಲು ಬಹಳಷ್ಟು ಶಿಕ್ಷಕರು ಹಿಂಜರಿದರು ಎಂಬುದನ್ನು ಅಧ್ಯಯನಕಾರರು ದಾಖಲಿಸಿದ್ದಾರೆ. ಸಭ್ಯತೆಯೇ ಸೌಹಾರ್ದವೆಂದು ನಂಬಿಕೊಂಡದ್ದರ ಫಲ ಇದು. ನಮ್ಮಲ್ಲೂ ಹಬ್ಬದ ದಿನ ಸಿಹಿ ಹಂಚಿ ಫೋಟೋ ತೆಗೆಸಿಕೊಳ್ಳುವ ಶಾಲೆಗಳು, ಮರುದಿನ ಮಗುವೊಂದು ಕೇಳುವ ಪ್ರಶ್ನೆಗೆ ಮೌನವಾಗುತ್ತವೆ.

ಈ ಮೌನಕ್ಕೆ ಒಂದು ಕಾರಣ ಭಾಷೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ‘ಸಂಘರ್ಷ ಪರಿಹಾರ’, ‘ಸಂಘರ್ಷ ನಿರ್ವಹಣೆ’ ಎಂಬ ಮಾತುಗಳನ್ನು ಯಾವ ಮಗುವೂ ಆಡುವುದಿಲ್ಲ. ನಮ್ಮ ಊರಿನ ಬಾಯಲ್ಲಿರುವುದು ಜಗಳ, ತಕರಾರು, ರಾಜಿ, ಫೈಸಲು, ನ್ಯಾಯ. ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತವರಿಗೆ ಈ ಪದಗಳು ಎರಡು ಮನೆಗಳ ನಡುವಿನ ಕಿಟಕಿಗಳು. ‘ತಕರಾರ್’ ಎಂಬ ಅರಬಿ ಮೂಲದ ಪದಕ್ಕೆ ಮೊದಲ ಅರ್ಥ ಜಗಳವಲ್ಲ, ಪುನರಾವರ್ತನೆ. ಹೇಳಿದ್ದನ್ನೇ ಮತ್ತೆ ಹೇಳುವುದು. ಉರ್ದುವಿಗೆ ಬಂದು ಅದು ವಾಗ್ವಾದವಾಯಿತು, ಕನ್ನಡಕ್ಕೆ ಬಂದು ಆಕ್ಷೇಪಣೆಯೂ ಆಯಿತು. ಮನುಷ್ಯ ಒಂದೇ ಮಾತನ್ನು ಮತ್ತೆ ಮತ್ತೆ ಯಾವಾಗ ಹೇಳುತ್ತಾನೆ? ಮೊದಲ ಸಲ ಯಾರೂ ಕೇಳಿಸಿಕೊಳ್ಳದೇ ಇದ್ದಾಗ. ‘ರಾಜಿ’ ಎಂದರೆ ಕನ್ನಡದಲ್ಲಿ ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಡುವ ಒಪ್ಪಂದ. ಮೂಲದಲ್ಲಿ ಅದರ ಅರ್ಥ ಸಂತುಷ್ಟ, ಮನಸ್ಸಾರೆ ಒಪ್ಪಿದವನು. ‘ಇನ್ಸಾಫ್’ ಎಂಬ ಪದದೊಳಗೆ ‘ನಿಸ್ಫ್’ ಇದೆ, ಎಂದರೆ ಅರ್ಧ. ಸರಿಯಾಗಿ ಅರ್ಧ ಮಾಡುವುದೇ ನ್ಯಾಯ. ‘ಫೈಸಲು’ ಎಂಬುದರ ಬೇರಿನಲ್ಲಿರುವುದು ಬೇರ್ಪಡಿಸುವ ಅರ್ಥ.

ಬೇರ್ಪಡಿಸಿದ ಒಂದು ಫೈಸಲು ನನ್ನ ಕಣ್ಣೆದುರು ಇದೆ. ನಾನು ಬೆಳೆದ ಊರಿನಲ್ಲಿ ಒಂದೇ ಕಾಂಪೌಂಡಿನೊಳಗೆ ಉರ್ದು ಶಾಲೆಯೂ ಕನ್ನಡ ಶಾಲೆಯೂ ಇದ್ದವು. ನಡುವೆ ಒಂದೇ ನಲ್ಲಿ. ಮಧ್ಯಾಹ್ನದ ಗಂಟೆ ಹೊಡೆದರೆ ನಲ್ಲಿಯ ಬಳಿ ನೂಕುನುಗ್ಗಲು, ಬೈಗುಳ, ಒಮ್ಮೊಮ್ಮೆ ಕಲ್ಲೇಟು. ಇಬ್ಬರು ಮುಖ್ಯ ಗುರುಗಳೂ ಒಳ್ಳೆಯವರು. ಕೂತು ಮಾತಾಡಿ, ಒಂದು ಶಾಲೆಯ ಊಟದ ಬಿಡುವನ್ನು ಅರ್ಧ ಗಂಟೆ ಹಿಂದಕ್ಕೆ ಹಾಕಿದರು. ಜಗಳ ಅಂದಿಗೇ ನಿಂತಿತು. ಯಾವ ಕೈಪಿಡಿಯಲ್ಲಾದರೂ ಇದನ್ನು ಯಶಸ್ವಿ ಪರಿಹಾರವೆಂದು ಬರೆದುಕೊಳ್ಳಬಹುದು. ಆದರೆ ನಲ್ಲಿಯ ಬಳಿ ಬೈದಾಡುತ್ತಿದ್ದ ನಾವು ಅಲ್ಲಿಯೇ ಒಬ್ಬರ ಹೆಸರು ಒಬ್ಬರಿಗೆ ತಿಳಿಯುವಷ್ಟು ಪರಿಚಿತರಾಗಿದ್ದೆವು. ಗೋಲಿ ಬದಲಾಯಿಸಿಕೊಳ್ಳುತ್ತಿದ್ದೆವು, ಅವರ ಬೈಗುಳ ನಮಗೂ ನಮ್ಮ ಬೈಗುಳ ಅವರಿಗೂ ಬರುತ್ತಿದ್ದವು. ಬಿಡುವು ಬೇರೆಯಾದ ಮೇಲೆ ಅವರ ಹೆಸರುಗಳೂ ಮರೆತುಹೋದವು. ಎರಡನೆಯ ನಲ್ಲಿಗಾಗಿ ಯಾರೂ ಅರ್ಜಿ ಹಾಕಲಿಲ್ಲ. ಕಿತ್ತಳೆ ಹಣ್ಣಿನ ಕಥೆಯಲ್ಲಿ ಎರಡನೆಯ ಹಣ್ಣು ಯಾಕಿಲ್ಲವೆಂದು ಯಾರೂ ಕೇಳದ ಹಾಗೆ.

ಇದು ಸಣ್ಣ ಜಗಳ. ದೊಡ್ಡದಕ್ಕೆ ಬರೋಣ. ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸೂಖೀಢಾಂಗ್ ಎಂಬಲ್ಲಿನ ಸರಕಾರಿ ಶಾಲೆಯಲ್ಲಿ 2021ರ ಡಿಸೆಂಬರಿನಲ್ಲಿ ನಡೆದದ್ದನ್ನು ನೋಡಿ. ಬಿಸಿಯೂಟದ ಅಡುಗೆಗೆ ದಲಿತ ಮಹಿಳೆಯೊಬ್ಬರು ನೇಮಕವಾದರು. ಮೇಲ್ಜಾತಿಯ ಮಕ್ಕಳು ಊಟ ಬಿಟ್ಟರು. ನೇಮಕದ ಕ್ರಮ ಸರಿಯಿಲ್ಲವೆಂಬ ಕಾರಣ ಕೊಟ್ಟು ಆಕೆಯನ್ನು ತೆಗೆದು ಬೇರೆಯವರನ್ನು ತರಲಾಯಿತು. ಒಂದು ಕಡೆಯ ತಕರಾರು ಮುಗಿಯಿತು. ಆಗ ದಲಿತ ಮಕ್ಕಳು, ಅವರು ನಮ್ಮವರ ಕೈಯ ಅಡುಗೆ ಉಣ್ಣದಿದ್ದರೆ ನಾವೂ ಅವರ ಕೈಯದು ಉಣ್ಣುವುದಿಲ್ಲ ಎಂದು ತಟ್ಟೆ ಮುಟ್ಟಲಿಲ್ಲ. ಸುದ್ದಿ ದೇಶವೆಲ್ಲ ಹರಡಿತು, ಕೊನೆಗೆ ಆಕೆಗೆ ಕೆಲಸ ಮರಳಿ ಸಿಕ್ಕಿತು. ಮೊದಲ ‘ಪರಿಹಾರ’ ಬಿಟ್ಟುಕೊಡುವ ಬಗೆಯದು, ಆದರೆ ಬಿಟ್ಟುಕೊಟ್ಟದ್ದು ಯಾರದನ್ನು? ಒಬ್ಬ ಬಡ ಹೆಂಗಸಿನ ಅನ್ನವನ್ನು. ನ್ಯಾಯದ ಕಡೆಗೆ ತಕ್ಕಡಿಯನ್ನು ಎಳೆದದ್ದು ಯಾವ ಸಂಧಾನಕಾರನೂ ಅಲ್ಲ, ಊಟ ಬಿಟ್ಟು ಜಗಳವನ್ನು ದೊಡ್ಡದು ಮಾಡಿದ ಮಕ್ಕಳು. ದೂರದ ಮಾತು ಇದೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2025ರಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಶಾಲೆಯಿಂದಲೂ ಇಂಥದೇ ಸುದ್ದಿ ಬಂತು. ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳ ಟಿ.ಸಿ. ಪಡೆದರೆಂದು ಪತ್ರಿಕೆಗಳು ವರದಿ ಮಾಡಿದವು. ಕಲಿಕೆಯ ಮಟ್ಟ ಸರಿಯಿಲ್ಲವೆಂಬ ಕಾರಣವನ್ನೂ ಕೆಲವರು ಮುಂದಿಟ್ಟರು. ಅಲ್ಲಿನ ಶಿಕ್ಷಕ ಯಾರ ನಡುವೆ ರಾಜಿ ಮಾಡಿಸಬೇಕು?

ತಮಿಳುನಾಡಿನ ನಾಂಗುನೇರಿಯ ಘಟನೆ ಇನ್ನೂ ಕಠೋರ. ದಲಿತ ವಿದ್ಯಾರ್ಥಿಯೊಬ್ಬ ಸಹಪಾಠಿಗಳ ಕಿರುಕುಳ ತಾಳದೆ ಶಾಲೆ ಬಿಟ್ಟಿದ್ದ. ಯಾಕೆ ಬರುತ್ತಿಲ್ಲವೆಂದು ಶಾಲೆಯವರು ವಿಚಾರಿಸಿದರು, ಅವನು ಹೇಳಿಕೊಂಡ. 2023ರ ಆಗಸ್ಟ್ 9ರ ರಾತ್ರಿ ಅದೇ ಶಾಲೆಯ ಹುಡುಗರು ಮನೆಗೆ ನುಗ್ಗಿ ಅವನನ್ನೂ ತಡೆಯಲು ಬಂದ ತಂಗಿಯನ್ನೂ ಮಚ್ಚಿನಿಂದ ಕಡಿದರು. ಇಲ್ಲಿ ಶಿಕ್ಷಕರು ಕೈಕಟ್ಟಿ ಕೂತಿರಲಿಲ್ಲ, ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡ ಮೇಲೆ ಹೇಳಿದವನನ್ನು ಕಾಯುವುದು ಹೇಗೆಂಬುದಕ್ಕೆ ಅವರ ಬಳಿ ವ್ಯವಸ್ಥೆ ಇರಲಿಲ್ಲ. ಆಲಿಸುವುದನ್ನು ಕಲಿಸುವ ತರಬೇತಿ, ಆಲಿಸಿದ ಮಾತಿನ ಅಪಾಯವನ್ನೂ ಕಲಿಸಬೇಡವೇ? ಆ ಘಟನೆಯ ನಂತರ ತಮಿಳುನಾಡು ಸರಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು. 2024ರ ಜೂನಿನಲ್ಲಿ ಬಂದ ಅವರ ವರದಿ ಶಿಕ್ಷಕರಿಗೆ ಕಾನೂನು ಮತ್ತು ಸಾಮಾಜಿಕ ವಿಷಯಗಳ ತಿಳಿವಳಿಕೆ ಕೊಡಬೇಕೆನ್ನುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಜಾತಿ ಸೂಚಿಸುವ ಕೈಪಟ್ಟಿಗಳನ್ನು ನಿಷೇಧಿಸಿ, ಶಾಲೆಗಳ ಹೆಸರಿನಿಂದ ಜಾತಿಸೂಚಕ ಪದ ತೆಗೆಯಿರಿ, ಶಿಕ್ಷಕರನ್ನು ಕಾಲಕಾಲಕ್ಕೆ ವರ್ಗಾಯಿಸಿ, ಶಾಲೆಯಲ್ಲಿ ಮಕ್ಕಳ ದೂರು ಕೇಳಲು ಪ್ರತ್ಯೇಕ ಅಧಿಕಾರಿ ಇರಲಿ ಎನ್ನುತ್ತದೆ. ಎಲ್ಲ ಶಿಫಾರಸುಗಳನ್ನೂ ಎಲ್ಲರೂ ಒಪ್ಪಬೇಕಿಲ್ಲ. ಜಗಳ ಇಬ್ಬರು ಹುಡುಗರ ಸ್ವಭಾವದಲ್ಲಿಲ್ಲ, ಶಾಲೆಯ ಗೋಡೆ, ಫಲಕ, ಸಿಬ್ಬಂದಿ ಕೋಣೆಯಲ್ಲೂ ಇದೆ ಎಂದು ಗುರುತಿಸಿದ್ದೇ ಆ ವರದಿಯ ಘನತೆ.

ಶಿಕ್ಷಕರೇ ಜಗಳದ ಒಂದು ಪಕ್ಷವಾಗಿದ್ದರೆ? 2023ರ ಆಗಸ್ಟ್ 24ರಂದು ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಖುಬ್ಬಾಪುರದಲ್ಲಿ ಶಿಕ್ಷಕಿಯೊಬ್ಬರು ಮಗ್ಗಿ ಒಪ್ಪಿಸದ ಏಳು ವರ್ಷದ ಮುಸ್ಲಿಂ ಹುಡುಗನ ಕೆನ್ನೆಗೆ ಸಹಪಾಠಿಗಳಿಂದ ಒಬ್ಬೊಬ್ಬರಾಗಿ ಹೊಡೆಸಿದ್ದನ್ನು ದೇಶ ವಿಡಿಯೋದಲ್ಲಿ ನೋಡಿತು. ಅದಾದ ಒಂದೆರಡು ದಿನಗಳಲ್ಲೇ ರೈತ ಮುಖಂಡರ ಸಮ್ಮುಖದಲ್ಲಿ ಆ ಹುಡುಗನಿಗೂ ಹೊಡೆದ ಸಹಪಾಠಿಯೊಬ್ಬನಿಗೂ ಕ್ಯಾಮೆರಾಗಳ ಎದುರು ಆಲಿಂಗನ ಮಾಡಿಸಲಾಯಿತು. ಆ ಹುಡುಗರಿಬ್ಬರ ನಡುವೆ ಜಗಳವೇ ಇರಲಿಲ್ಲ. ಹೊಡೆ ಎಂದವರು ಆ ಚಿತ್ರದಲ್ಲಿಲ್ಲ. ‘ಸಂಘರ್ಷ ಪರಿಹಾರ’ ಎಂಬ ಮಾತು ದಾರಿ ತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ. ಆ ವರ್ಷದ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್, ಆರೋಪ ನಿಜವಾದರೆ ಇದು ಪ್ರಭುತ್ವದ ಅಂತಃಸಾಕ್ಷಿಯನ್ನು ಅಲುಗಿಸಬೇಕಾದ ಸಂಗತಿ ಎಂದಿತು, ಮಕ್ಕಳಿಗೆ ಆಪ್ತಸಮಾಲೋಚನೆ ಕೊಡಿಸಲು ಸೂಚಿಸಿತು. ಹೊಡೆಸಿಕೊಂಡವನಿಗೆ ಮಾತ್ರವಲ್ಲ, ಹೊಡೆಯಬೇಕಾಗಿ ಬಂದ ಮಕ್ಕಳಿಗೂ ಅದು ಬೇಕೆಂದು ನ್ಯಾಯಾಲಯ ಕಂಡದ್ದು ಗಮನಾರ್ಹ.

ಶಿಕ್ಷಕರನ್ನು ಮಾತ್ರ ದೂರಿ ಕೂರುವುದೂ ನ್ಯಾಯವಲ್ಲ. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸಮವಸ್ತ್ರದ ವಿವಾದ ಉಡುಪಿಯಿಂದ ಹಬ್ಬಿದಾಗ ಶಾಲಾ ಕಾಲೇಜುಗಳ ಗೇಟಿನಲ್ಲಿ ನಿಂತದ್ದು ಶಿಕ್ಷಕರು. ಫೆಬ್ರವರಿ 5ರ ಸರಕಾರಿ ಆದೇಶ ಅವರು ಬರೆದದ್ದಲ್ಲ. ಫೆಬ್ರವರಿ 10ರ ಮಧ್ಯಂತರ ಆದೇಶದ ಅರ್ಥವನ್ನು ಗೇಟಿನಲ್ಲೇ ನಿಂತು ಬಿಡಿಸಿ ಹೇಳುವ ಹೊರೆ ಅವರ ಮೇಲೆ ಬಿತ್ತು. ನಿನ್ನೆಯವರೆಗೆ ತಾವು ಪಾಠ ಹೇಳಿದ ಹುಡುಗಿಯರ ಮುಂದೆ, ಟಿ.ವಿ. ಕ್ಯಾಮೆರಾಗಳ ಮುಂದೆ ಅವರು ನಿಂತರು. ಕೆಲವರು ಕಟುವಾಗಿ ನಡೆದುಕೊಂಡರು, ಕೆಲವರು ತಲೆ ತಗ್ಗಿಸಿದರು. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನ ತೀರ್ಪು ಕೊಟ್ಟ ವಿಷಯವನ್ನು ಒಬ್ಬ ಮೇಷ್ಟ್ರು ಐದು ಬಗೆಯ ಚಾರ್ಟು ನೋಡಿ ಬಗೆಹರಿಸಬಲ್ಲರೇ? ಮಾತಾಡಿ ಒಪ್ಪಂದಕ್ಕೆ ಬರಲು ಶಾಲೆಗೆ ಬೇಕಾದ ಕನಿಷ್ಠ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಸಂಧಾನದ ಕೌಶಲ ಕಲಿಸುವುದು, ಈಜಲು ಕಲಿಸಿ ಬಾವಿಗೆ ಮುಚ್ಚಳ ಹಾಕಿದ ಹಾಗೆ.

ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರ ಪ್ರಬಂಧವೊಂದರಲ್ಲಿ, ಜಗಳ ಎನ್ನುವುದು ಜಗಳವಾಡುವವರ ಸೊತ್ತು, ವಕೀಲರೂ ಪರಿಣತರೂ ಅದನ್ನು ಅವರಿಂದ ಕದಿಯುತ್ತಾರೆ ಎಂದು ವಾದಿಸಿದರು. ಊರಿನವರು ಒಟ್ಟಿಗೆ ಕೂತು ಸರಿ ತಪ್ಪು ಚರ್ಚಿಸುವ ಅವಕಾಶವೇ ಇದರಿಂದ ತಪ್ಪಿಹೋಗುತ್ತದೆ ಎಂಬುದು ಅವರ ಚಿಂತೆ. ನಮ್ಮ ಶಿಕ್ಷಕರಿಗೂ ಹೀಗೆಯೇ ಆಗಿದೆ. ಅವರ ತರಗತಿಯ ಜಗಳಗಳನ್ನು ಅವರಿಂದ ಕೇಳಿ ತಿಳಿಯುವ ಬದಲು, ಬೇರೆಲ್ಲೋ ತಯಾರಾದ ಜಗಳಗಳನ್ನು ಅವರಿಗೆ ಕೊಟ್ಟು ಬಿಡಿಸಲು ಹೇಳಲಾಗುತ್ತದೆ. ಓ.ಓ.ಡಿ. ಮೇಲೆ ಬಂದ ಶಿಕ್ಷಕಿಯ ತಲೆಯಲ್ಲಿ ಇರುವುದು, ಇವತ್ತು ತನ್ನ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡಿರುವ ಅತಿಥಿ ಶಿಕ್ಷಕಿಯ ಚಿಂತೆ, ಎಸ್.ಡಿ.ಎಂ.ಸಿ. ಅಧ್ಯಕ್ಷರ ಫೋನು, ಮೊಟ್ಟೆಯ ಲೆಕ್ಕ. ಅವಳ ಸ್ವಂತ ತಕರಾರನ್ನು ಕೇಳುವ ಅಧಿವೇಶನ ವೇಳಾಪಟ್ಟಿಯಲ್ಲಿಲ್ಲ. ತನ್ನ ಮಾತನ್ನು ಯಾರೂ ಕೇಳದ ಕಡೆ, ಮಕ್ಕಳ ಮಾತನ್ನು ಕೇಳುವುದು ಹೇಗೆಂದು ಅವಳು ಕಲಿಯಬೇಕು.

ಬೇರೆ ದಾರಿ ನಮ್ಮಲ್ಲಿ ಇಲ್ಲವೆಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ ಕಲಿ’ಯನ್ನು ನೆನೆಯಬಹುದು. ಸರಕಾರಿ ಶಾಲೆಯ ಶಿಕ್ಷಕರೇ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಕೂತು ಬರೆದರು. ಮುಂದೆ ಅದು ರಾಜ್ಯವೆಲ್ಲ ಹಬ್ಬಿದಾಗ ಏನೇನಾಯಿತು ಎನ್ನುವುದು ಬೇರೆ ಚರ್ಚೆ. ಶಿಕ್ಷಕರ ಅನುಭವದಿಂದಲೇ ಪಠ್ಯ ಹುಟ್ಟಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಜಗಳದ ಪಾಠಗಳನ್ನೂ ಹಾಗೆಯೇ ಕಟ್ಟಬಹುದು. ಪ್ರತಿ ಕ್ಲಸ್ಟರಿನ ತಿಂಗಳ ಸಮಾಲೋಚನಾ ಸಭೆಯಲ್ಲಿ ಒಬ್ಬ ಶಿಕ್ಷಕ ತನ್ನ ತರಗತಿಯ ಒಂದು ನಿಜವಾದ ಜಗಳವನ್ನು, ಮಕ್ಕಳ ಗುರುತು ಮರೆಮಾಡಿ, ಉಳಿದವರ ಮುಂದಿಡಲಿ. ಆ ಜಗಳಕ್ಕೆ ಜಾತಿ ಇದೆಯೇ, ಧರ್ಮ ಇದೆಯೇ, ಬಡತನ ಇದೆಯೇ, ಹೆಣ್ಣು ಗಂಡಿನ ಭೇದ ಇದೆಯೇ ಎಂದು ಮೊದಲು ಕೇಳಲಿ. ಇಬ್ಬರಲ್ಲಿ ಯಾರಿಗೆ ಯಾರ ಭಯ ಎಂದು ಆಮೇಲೆ ಕೇಳಲಿ. ಇದರಲ್ಲಿ ನಾನು ಯಾರ ಕಡೆಗಿದ್ದೇನೆ ಎಂದು ಶಿಕ್ಷಕ ತನ್ನನ್ನೇ ಕೇಳಿಕೊಳ್ಳಲಿ. ಇಬ್ಬರೂ ಸಮಾನರೆಂದು ಖಾತ್ರಿಯಾದರೆ ಕಿತ್ತಳೆ ಹಣ್ಣಿನ ವಿದ್ಯೆ ಧಾರಾಳವಾಗಿ ಉಪಯೋಗಕ್ಕೆ ಬರುತ್ತದೆ. ಸಮಾನರಲ್ಲವಾದರೆ ರಾಜಿ ಮಾಡಿಸುವ ಆತುರ ಬೇಡ. ಅಲ್ಲಿ ಬೇಕಾಗಿರುವುದು ನಿರ್ಣಯ, ರಕ್ಷಣೆ, ಕೆಲವೊಮ್ಮೆ ಕಾನೂನು. ಜೊತೆಗೆ, ಅಂಥ ನಿರ್ಣಯ ತೆಗೆದುಕೊಂಡ ಶಿಕ್ಷಕಿಯ ಹಿಂದೆ ಬಿ.ಇ.ಓ. ಕಚೇರಿ ನಿಲ್ಲುತ್ತದೆಂಬ ಭರವಸೆ.

ತರಬೇತಿಯ ಕೊನೆಗೆ ಶಿಕ್ಷಕರಿಂದ ಅನಿಸಿಕೆಯ ಹಾಳೆ ಬರೆಸಿಕೊಳ್ಳುತ್ತಾರೆ. ‘ಬಹಳ ಉಪಯುಕ್ತವಾಗಿತ್ತು’ ಎಂದು ಬರೆದು ಎಲ್ಲರೂ ಬಸ್ಸು ಹಿಡಿಯುತ್ತಾರೆ. ಆರು ತಿಂಗಳ ನಂತರ ಆ ಶಾಲೆಗಳ ಮಕ್ಕಳನ್ನು ಕೇಳುವ ಹಾಳೆಯೊಂದು ಬೇಕು. ‘ನಿನಗೆ ಅನ್ಯಾಯವಾದಾಗ ಟೀಚರಿಗೆ ಹೇಳುತ್ತೀಯಾ? ಹೇಳಿದ ಮೇಲೆ ಏನಾಯಿತು?’ ಎಂಬ ಎರಡೇ ಪ್ರಶ್ನೆ ಸಾಕು. ಮಗುವೊಂದು ಅದೇ ದೂರನ್ನು ಮೂರನೇ ಸಲ ಬರೆದಿದ್ದರೆ ಅದನ್ನು ಹಟಮಾರಿ ಎನ್ನಬೇಡಿ. ಮೊದಲೆರಡು ಸಲ ಯಾರೂ ಕೇಳಿಸಿಕೊಂಡಿಲ್ಲ ಎಂದಷ್ಟೇ ಅದರ ಅರ್ಥ.